ಉಪಗ್ರಹದಿಂದ ಸ್ಥಳ ನಿರ್ಣಯ: ಹೊಲದ ಬದುವಿನಲ್ಲಿ ನಿಂತವರು ತಿಳಿಯಬೇಕಾದ ಸಂಗತಿಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಜಮೀನಿನ ಬೆಲೆ ಏರಿದ ಮೇಲೆ ಒಂದು ಗುಂಟೆಯೂ ಸಣ್ಣದಲ್ಲ. ಮೊಬೈಲ್ ಫೋನ್ ಹಿಡಿದು ಹೊಲದ ಸುತ್ತ ನಡೆದು, ಪರದೆಯ ಮೇಲೆ ಮೂಡಿದ ಗೆರೆಯನ್ನು ತೋರಿಸಿ, ಪಕ್ಕದ ಹೊಲದವರು ಒತ್ತುವರಿ ಮಾಡಿದ್ದಾರೆಂದು ಜಗಳಕ್ಕೆ ನಿಲ್ಲುವವರುಂಟು. ಆ ಗೆರೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಅರಿಯಲು ಫೋನು ತಾನಿರುವ ಸ್ಥಳವನ್ನು ಹೇಗೆ ಕಂಡುಕೊಳ್ಳುತ್ತದೆಂಬುದನ್ನು ಮೊದಲು ತಿಳಿಯಬೇಕು.

ಉಪಗ್ರಹವು ಮೇಲಿನಿಂದ ನಮ್ಮ ಹೊಲವನ್ನು ನೋಡುತ್ತಿರುತ್ತದೆಂಬ ತಿಳಿವಳಿಕೆ ಹಲವರಲ್ಲಿದೆ. ಇದು ಸರಿಯಲ್ಲ. ಸ್ಥಳ ನಿರ್ಣಯದ ಉಪಗ್ರಹಗಳು ಆಕಾಶವಾಣಿಯಂತೆ ಪ್ರಸಾರ ಮಾತ್ರ ಮಾಡುತ್ತವೆ. ಫೋನು ರೇಡಿಯೋ ಪೆಟ್ಟಿಗೆಯಂತೆ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಎಷ್ಟು ಜನ ಬಳಸಿದರೂ ಉಪಗ್ರಹಕ್ಕೆ ಹೊರೆಯಿಲ್ಲ. ನಕ್ಷೆಯನ್ನು ತರಿಸಿಕೊಳ್ಳಲು ಇಂಟರ್‌ನೆಟ್ ಬೇಕೇ ಹೊರತು ಸ್ಥಳ ತಿಳಿಯಲು ಬೇಕಿಲ್ಲ.

ಉಪಗ್ರಹ ಪ್ರಸಾರ ಮಾಡುವುದು ಎರಡೇ ಸಂಗತಿ: ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಮೂರು ಸೆಕೆಂಡು ಕಳೆದರೆ ಸಿಡಿಲು ಸುಮಾರು ಒಂದು ಕಿಲೋಮೀಟರು ದೂರದಲ್ಲಿದೆಯೆಂದು ಲೆಕ್ಕ ಹಾಕಬಹುದಷ್ಟೆ. ಫೋನು ಮಾಡುವುದೂ ಇದೇ ಲೆಕ್ಕ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರದಿಂದ ಉಪಗ್ರಹದ ದೂರ ತಿಳಿಯುತ್ತದೆ. ಆದರೆ ಈ ಸಂಕೇತ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಲ್ಲಿ ಬರುತ್ತದೆ. ಗಡಿಯಾರದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ. ಅದಕ್ಕಾಗಿಯೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಅಳವಡಿಸಿರುತ್ತಾರೆ.

ಒಬ್ಬ ರೈತರು ದೊಡ್ಡಬಳ್ಳಾಪುರದಿಂದ ನೇರ ಗೆರೆಯಲ್ಲಿ 10 ಕಿ.ಮೀ. ದೂರದಲ್ಲಿದ್ದಾರೆಂದರೆ ಅವರು ಆ ಊರಿನ ಸುತ್ತ ಎಳೆದ ವೃತ್ತದ ಮೇಲೆ ಎಲ್ಲಿಯಾದರೂ ಇರಬಹುದು. ದೇವನಹಳ್ಳಿಯಿಂದ 15 ಕಿ.ಮೀ. ಎಂದೂ ತಿಳಿದರೆ ಎರಡು ವೃತ್ತಗಳು ಕೂಡುವ ಎರಡು ಜಾಗಗಳು ಮಾತ್ರ ಉಳಿಯುತ್ತವೆ. ನೆಲಮಂಗಲದ ದೂರವೂ ಸಿಕ್ಕರೆ ಜಾಗ ಯಾವುದೆಂದು ನಿಶ್ಚಯವಾಗುತ್ತದೆ. ಉಪಗ್ರಹಗಳ ವಿಷಯದಲ್ಲಿಯೂ ಹೀಗೆಯೇ. ಆದರೆ ಫೋನಿನ ಗಡಿಯಾರ ಅಗ್ಗದ್ದಾದುದರಿಂದ ಅದರ ತಪ್ಪನ್ನು ಕಳೆಯಲು ನಾಲ್ಕನೆಯ ಉಪಗ್ರಹವೂ ಬೇಕಾಗುತ್ತದೆ.

ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಆ ವ್ಯವಸ್ಥೆ 1995ರಲ್ಲಿ ಪೂರ್ಣಗೊಂಡಿತು. ಸಾರ್ವಜನಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಒರಟುಗೊಳಿಸುವ ಪದ್ಧತಿಯನ್ನು ಅಲ್ಲಿನ ಸರ್ಕಾರ ಕೈಬಿಟ್ಟದ್ದು 2000ದ ಮೇ ತಿಂಗಳಲ್ಲಿ. ಬೇರೆ ದೇಶದ ಇಚ್ಛೆಯನ್ನೇ ನಂಬಿ ಕೂರಲಾಗದೆಂದು ಭಾರತವೂ ತನ್ನದೇ ವ್ಯವಸ್ಥೆಯನ್ನು ಕಟ್ಟಿತು. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. 2016ರಲ್ಲಿ ಇದಕ್ಕೆ ನಾವಿಕ್ ಎಂದು ಹೆಸರಿಡಲಾಯಿತು. ಇದರ ಸಂಕೇತಗಳ ಸಮಯವನ್ನು ಕಾಯುವ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಮೊದಲ ಉಪಗ್ರಹದಲ್ಲಿದ್ದ ವಿದೇಶೀ ಪರಮಾಣು ಗಡಿಯಾರಗಳು ಮೂರೂ ಕೆಟ್ಟುಹೋದವು. ಉಪಗ್ರಹ ಮೇಲಿದ್ದರೂ ಸ್ಥಳ ಹೇಳುವ ಕೆಲಸಕ್ಕೆ ಬಾರದಾಯಿತು. ದೇಶದಲ್ಲಿಯೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತ ಉಪಗ್ರಹ 2023ರ ಮೇ 29ರಂದು ಹಾರಿತು.

ಇನ್ನು ಹೊಲದ ಮಾತು. ಬಯಲಿನಲ್ಲಿ ಸಾಮಾನ್ಯ ಫೋನು ತೋರಿಸುವ ಸ್ಥಳ ಸುಮಾರು 5 ಮೀಟರು, ಎಂದರೆ 16 ಅಡಿ, ಆಚೀಚೆ ಇರಬಹುದು. ನೀಲಗಿರಿ ತೋಪಿನೊಳಗೆ, ಮಾವಿನ ಮರದ ಕೆಳಗೆ, ಎತ್ತರದ ಗೋಡೆಯ ಪಕ್ಕದಲ್ಲಿ ತಪ್ಪು ಇನ್ನೂ ಹೆಚ್ಚು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ನೂರು ಮೀಟರು ಉದ್ದದ ಬದು ಪರದೆಯ ಮೇಲೆ 5 ಮೀಟರು ಸರಿದು ಕಂಡರೆ ಸುಮಾರು ಐದು ಗುಂಟೆ ಒತ್ತುವರಿಯಾದಂತೆ ತೋರುತ್ತದೆ. ವಾಸ್ತವದಲ್ಲಿ ಒಂದಂಗುಲವೂ ಹೋಗಿರಲಾರದು! ಸುತ್ತ ನಡೆದು ಬಂದ ವಿಸ್ತೀರ್ಣ ಮಾತ್ರ ಅಷ್ಟೊಂದು ತಪ್ಪುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಡೆದು ಮುಗಿಸಿದರೆ ಇಡೀ ಆಕೃತಿ ಬಹುಮಟ್ಟಿಗೆ ಒಂದೇ ಕಡೆಗೆ ಸರಿದಿರುತ್ತದೆ. ಬೀಜ, ಗೊಬ್ಬರದ ಅಂದಾಜಿಗೆ ಅದು ಸಾಕು. ಗಡಿಗೆ ಸಾಲದು. ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಆ್ಯಪ್ ಕೂಡ ಯಾವ ನಂಬರಿನ ಹೊಲವೆಂದು ತಿಳಿಯಲು ಉಪಯುಕ್ತವೇ ಹೊರತು ಬಾಂದು ಕಲ್ಲು ನೆಡಲು ಅಲ್ಲ.

ಭೂಮಾಪಕರು ತರುವ ರೋವರ್ ಇದೇ ಉಪಗ್ರಹಗಳ ಸಂಕೇತವನ್ನು ಹಿಡಿದರೂ ಕೆಲವೇ ಸೆಂಟಿಮೀಟರಿನವರೆಗೆ ಸರಿಯಾಗಿ ಅಳೆಯುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯು ಕರ್ನಾಟಕದಲ್ಲಿ ಸ್ಥಾಪಿಸಿರುವ ಸ್ಥಿರ ಕೇಂದ್ರಗಳ ಸ್ಥಾನ ನಿಖರವಾಗಿ ಗೊತ್ತಿರುವುದರಿಂದ ಆ ಹೊತ್ತಿನ ಸಂಕೇತದಲ್ಲಿ ಎಷ್ಟು ತಪ್ಪಿದೆಯೆಂಬುದು ಅಲ್ಲಿ ತಿಳಿಯುತ್ತದೆ. ಆ ತಿದ್ದುಪಡಿಯು ರೋವರಿಗೆ ಕೂಡಲೇ ತಲುಪುತ್ತದೆ. ಹಾಗಾಗಿ ಬದುವಿನ ಬಗ್ಗೆ ಅನುಮಾನವಿದ್ದವರು ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಅಕ್ಕಪಕ್ಕದ ಹಿಡುವಳಿದಾರರ ಎದುರಿನಲ್ಲಿ ಅಳತೆ ಮಾಡಿಸುವುದು ಸರಿಯಾದ ಮಾರ್ಗ.

ಬೆಳೆ ಸಮೀಕ್ಷೆಯಲ್ಲಿಯೂ ಈ 16 ಅಡಿಯನ್ನು ಮರೆಯಬಾರದು. ರಾಗಿ ಹೊಲದ ಬದುವಿನ ಮೇಲೆ ನಿಂತು ತೆಗೆದ ಚಿತ್ರ ಪಕ್ಕದ ದ್ರಾಕ್ಷಿ ತೋಟದ ಸರ್ವೆ ನಂಬರಿಗೆ ಸೇರಿಹೋಗಬಹುದು. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಇವೆಲ್ಲಕ್ಕೂ ಸಮೀಕ್ಷೆಯ ವಿವರವನ್ನು ನೋಡುವುದರಿಂದ ಇಂಥ ತಪ್ಪು ದುಬಾರಿಯಾಗುತ್ತದೆ. ಫೋನಿನಲ್ಲಿ ಸ್ಥಳ ಸೂಚಕವನ್ನು ಚಾಲೂ ಮಾಡಿ, ಹೊಲದ ನಡುವೆ ಮರಗಳಿಲ್ಲದ ಕಡೆ ಒಂದೆರಡು ನಿಮಿಷ ನಿಂತು, ಸ್ಥಾನದ ಗುರುತು ಅಲುಗಾಡುವುದು ನಿಂತ ಮೇಲೆ ಚಿತ್ರ ತೆಗೆಯಬೇಕು. ಅನಂತರ ಬೆಳೆ ದರ್ಶಕ್ ಆ್ಯಪ್‌ನಲ್ಲಿ ತಮ್ಮ ನಂಬರಿನ ಮುಂದೆ ಯಾವ ಬೆಳೆ ದಾಖಲಾಗಿದೆಯೆಂದು ನೋಡಿ, ತಪ್ಪಿದ್ದರೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದಾಗಿದೆ.