ಅಸಮ ಬಾರ್‌ಗಳ ಮೇಲೆ ಕೊಂಡಿ ಬೆಸೆಯುವ ಪಾಠ

1976ರ ಜುಲೈ 18ರಂದು ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ 14 ವರ್ಷದ ನಾದಿಯಾ ಕೊಮನೆಚಿ ಅಸಮ ಬಾರ್‌ಗಳ ಮೇಲೆ ಪೂರ್ಣ 10 ಅಂಕ ಪಡೆದಾಗ ಅಂಕಫಲಕ 1.00 ಎಂದು ತೋರಿಸಿತು. ಹತ್ತನ್ನು ತೋರಿಸುವ ಏರ್ಪಾಡೇ ಅದರಲ್ಲಿರಲಿಲ್ಲ. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ತರಬೇತುದಾರರು ನೋಡಬೇಕಾದದ್ದು ಬೇರೆ: ಒಂದು ಕೌಶಲ ಮುಗಿದು ಮತ್ತೊಂದು ಆರಂಭವಾಗುವ ಜಾಗ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಮಕ್ಕಳ ಅಭ್ಯಾಸದಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಹುಡುಗಿ ಕಿಪ್ ಮಾಡುತ್ತಾಳೆ, ಕಾಸ್ಟ್ ಮಾಡುತ್ತಾಳೆ, ಸೊಂಟದ ಸುತ್ತು ಹಾಕುತ್ತಾಳೆ. ಮೂರನ್ನೂ ಜೋಡಿಸು ಎಂದರೆ ಬಾರ್ ಮೇಲೆ ಹೊಟ್ಟೆಯೂರಿ ನಿಂತುಬಿಡುತ್ತಾಳೆ. ಇದು ಧೈರ್ಯದ ಕೊರತೆಯೇ? ಬಹುತೇಕ ಅಲ್ಲ. ಮೊದಲ ಕೌಶಲ ತಪ್ಪು ಭಂಗಿಯಲ್ಲಿ ಮುಗಿದಿರುತ್ತದೆ, ಅಷ್ಟೇ.

ಕಿಪ್ ಅನ್ನೇ ತೆಗೆದುಕೊಳ್ಳೋಣ. ದೇಹವನ್ನು ಮುಂದಕ್ಕೆ ಚಾಚಿ ತೂಗಿ, ಪಾದಗಳನ್ನು ಬಾರ್ ಬಳಿಗೆ ತಂದು, ಪೈಜಾಮ ಏರಿಸಿಕೊಳ್ಳುವಂತೆ ಬಾರ್ ಅನ್ನು ಕಾಲುಗಳ ಗುಂಟ ಸೊಂಟದವರೆಗೆ ಎಳೆದುಕೊಳ್ಳಬೇಕು. ಮೇಲೆ ಬಂದಾಗ ಮೊಣಕೈ ಮಡಿಚಿದ್ದು, ಭುಜ ಬಾರ್‌ಗಿಂತ ಹಿಂದಿದ್ದರೆ ಕಾಸ್ಟ್‌ಗೆ ಆಧಾರವೇ ಇರದು. ಭುಜ ತುಸು ಮುಂದೆ, ಮಣಿಕಟ್ಟು ಬಾರ್‌ನ ಮೇಲೆ, ತೋಳು ನೇರ, ಸೊಂಟದಲ್ಲಿ ಸಣ್ಣ ಬಾಗು: ಹೀಗೆ ಮುಗಿದ ಕಿಪ್ ಕಾಸ್ಟ್‌ನ ಆರಂಭವೂ ಆಗಿರುತ್ತದೆ. ಕಾಲುಗಳನ್ನು ಹಿಂದಕ್ಕೆ ಬೀಸಿದರೆ ಸಾಕು. ಕಾಸ್ಟ್‌ನಿಂದ ಇಳಿದು ತೊಡೆ ಬಾರ್‌ಗೆ ತಾಗುವ ಹೊತ್ತಿಗೆ ಭುಜ ಹಿಂದಕ್ಕೆ ವಾಲಬೇಕು. ತಾಗಿದ ಮೇಲೆ ವಾಲಿದರೆ ವೇಗ ಸತ್ತಿರುತ್ತದೆ, ಸೊಂಟದ ಮೂಳೆಗೆ ಪೆಟ್ಟು ಬಿದ್ದಿರುತ್ತದೆ.

ಸ್ಪರ್ಧೆಯ ಕೆಳಗಿನ ಬಾರ್ ನೆಲದಿಂದ 170, ಮೇಲಿನದು 250 ಸೆಂಟಿಮೀಟರ್ ಎತ್ತರ. ಕಲಿಕೆಗೆ ಅಷ್ಟು ಬೇಡ. ತಗ್ಗಾದ ಬಾರ್, ಕೆಳಗೆ ದಪ್ಪ ಮ್ಯಾಟ್, ಪಕ್ಕದಲ್ಲಿ ತರಬೇತುದಾರರ ಕೈ ಇರಲಿ. ಮೊದಲು ಕೊನೆಯ ಜೋಡಿಯನ್ನು ಕಲಿಸಿ: ಕಾಸ್ಟ್, ಸುತ್ತು. ಅದು ಕೂಡಿಬಂದ ಮೇಲೆ ಮುಂದೆ ಕಿಪ್ ಸೇರಿಸಿ. ಆಗ ಮಗು ಕಷ್ಟದ ಜಾಗ ದಾಟಿ ಪರಿಚಯದ ಜಾಗಕ್ಕೆ ಬರುತ್ತದೆ. ಹೆದರಿಕೆ ತಾನಾಗಿ ಇಳಿಯುತ್ತದೆ. ಬಾರ್ ಮೇಲಿರುವಾಗ ಉದ್ದದ ಸೂಚನೆ ಕಿವಿಗೆ ಹೋಗದು. 'ಭುಜ!' ಎಂಬ ಒಂದೇ ಪದವನ್ನು ಸರಿಯಾದ ಕ್ಷಣಕ್ಕೆ ಕೂಗಿ.

ಅಂತರರಾಷ್ಟ್ರೀಯ ನಿಯಮದಲ್ಲಿ ಅನಗತ್ಯವಾದ ಒಂದು ಖಾಲಿ ತೂಗಾಟಕ್ಕೆ 0.5 ಅಂಕ ಕಡಿತ, ಬಿದ್ದರೆ 1.0. ಅಂದರೆ ಎರಡು ತಡವರಿಕೆ ಒಂದು ಬೀಳುವಿಕೆಗೆ ಸಮ. ಹೀಗಿದ್ದೂ ಹೊಸ ಕೌಶಲಕ್ಕೆ ಚಪ್ಪಾಳೆ ತಟ್ಟುವ ಪೋಷಕರು, ಹಳೆಯವೆರಡು ಬೆಸೆದ ದಿನ ಸುಮ್ಮನಿರುತ್ತಾರೆ!

ಅಂಗೈ ನೋಡುವುದನ್ನು ಮರೆಯಬೇಡಿ. ದಣಿದಾಗ ಮೊದಲು ಕೆಡುವುದು ಜೋಡಣೆಯೇ. ಕೆಟ್ಟದ್ದನ್ನು ಇಪ್ಪತ್ತು ಸಲ ಮಾಡಿಸಿದರೆ ಮಗು ನಿಲ್ಲುವುದನ್ನೇ ಕಲಿಯುತ್ತದೆ, ಜೊತೆಗೆ ಅಂಗೈ ಚರ್ಮವೂ ಸುಲಿಯುತ್ತದೆ. ಚರ್ಮ ಕೆಂಪಾಗಿ ಉರಿಯತೊಡಗಿದರೆ ಸೀಮೆಸುಣ್ಣದ ಪುಡಿ ಬಳಿದು ಮತ್ತೆ ಹತ್ತಿಸಬೇಡಿ. ಕೆಳಗಿಳಿಸಿ, ಉಳಿದ ಹೊತ್ತು ಕೋಲೊಂದನ್ನು ಕೈಗೆ ಕೊಟ್ಟು ಭುಜದ ಚಲನೆಯನ್ನು ನೆಲದ ಮೇಲೆಯೇ ಮಾಡಿಸಿ.