ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಒಂದು ದಾರ ಹಿಡಿದು ನೋಡಿ

ಚಳಿಗಾಲದ ಒಂದು ದಿನ. ಮಧ್ಯಾಹ್ನ 2 ಗಂಟೆಗೆ ಬೆಂಗಳೂರಿನಲ್ಲಿ ನಿಮ್ಮ ವಿಮಾನ ಹೊರಡುತ್ತದೆ. ಎಲ್ಲೂ ಇಳಿಯದೆ 17 ಗಂಟೆ ಹಾರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರೆ ಅಲ್ಲಿನ್ನೂ ಅದೇ ದಿನ, ಸಂಜೆ ಐದೂವರೆ! ಹೇಗೆ?

ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಹನ್ನೆರಡೂವರೆ.

ದೂರ ಸುಮಾರು 14,000 ಕಿಲೋಮೀಟರ್. ದಾರಿ ಯಾವುದು? ಮನೆಯಲ್ಲಿ ಗ್ಲೋಬ್ ಇದ್ದರೆ, ಎರಡೂ ಊರಿನ ಮೇಲೆ ಬೆರಳಿಟ್ಟು ಒಂದು ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ಮೆಲ್ಲಗೆ ಮೇಲಕ್ಕೆ ಜಾರಿ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟುತ್ತದೆ. ಗೋಡೆಯ ನಕ್ಷೆಯಲ್ಲಿ ಸುತ್ತುದಾರಿ ಅನಿಸುವುದೇ ನಿಜಕ್ಕೂ ಹತ್ತಿರದ ದಾರಿ. ಭೂಮಿ ದುಂಡಗಿದೆಯಲ್ಲ!

2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ತಂಡ ಇನ್ನೂ ಮೇಲಕ್ಕೆ ಹೋಯಿತು. ನಾಲ್ವರು ಪೈಲಟ್‌ಗಳು, ನಾಲ್ವರೂ ಮಹಿಳೆಯರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, ನೇರ ಬೆಂಗಳೂರಿಗೆ ಬಂದಿಳಿದರು.

ಮಗಳೋ ಮಗನೋ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದರೆ ಇದೊಂದು ನೆನಪಿಡಿ: ಚಳಿಗಾಲದಲ್ಲಿ ಇಲ್ಲಿ ರಾತ್ರಿ ಎಂಟೂವರೆ ಎಂದರೆ ಅಲ್ಲಿ ಬೆಳಿಗ್ಗೆ ಏಳು. ನಿಮ್ಮ ಊಟ ಮುಗಿಯುವ ಹೊತ್ತಿಗೆ ಅವರ ಕಾಫಿ. ಫೋನ್ ಮಾಡಲು ಅದೇ ಒಳ್ಳೆಯ ಸಮಯ.