ಹಡಗು ಕೇಳಿದರೆ ‘ಇಲ್ಲ’ ಎಂದ ಲಂಡನ್

1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು 15 ಲಕ್ಷ ಎಂದು ಸರಕಾರ ನೇಮಿಸಿದ ವಿಚಾರಣಾ ಆಯೋಗ ಅಂದಾಜು ಮಾಡಿತು. ಮುಂದೆ ಅಧ್ಯಯನ ನಡೆಸಿದವರು ಆ ಸಂಖ್ಯೆಯನ್ನು 20ರಿಂದ 30 ಲಕ್ಷಕ್ಕೆ ಏರಿಸಿದರು. ಅಷ್ಟು ಜನ ಸಾಯುತ್ತಿದ್ದ ತಿಂಗಳುಗಳಲ್ಲಿ ದೆಹಲಿಯ ವೈಸ್‌ರಾಯ್ ಮತ್ತು ಲಂಡನ್ನಿನ ಭಾರತ ಸಚಿವರ ನಡುವೆ ಓಡಾಡಿದ ಗುಪ್ತ ತಂತಿಗಳೂ ಪತ್ರಗಳೂ ಈಗ ಯಾರು ಬೇಕಾದರೂ ಓದಬಹುದಾದ ದಾಖಲೆಗಳು. 1970ರಿಂದ 1983ರವರೆಗೆ ಬ್ರಿಟಿಷ್ ಸರಕಾರವೇ ಹೊರತಂದ ‘ಟ್ರಾನ್ಸ್‌ಫರ್ ಆಫ್ ಪವರ್’ ಮಾಲೆಯ 12 ಸಂಪುಟಗಳಲ್ಲಿ ಅವು ಅಚ್ಚಾಗಿವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಬೇಡಿಕೆ ಒಂದೇ: ಧಾನ್ಯ ತರಲು ಹಡಗು ಕೊಡಿ.

ಅಕ್ಕಿ ಹೋಯಿತು, ದೋಣಿಯೂ ಹೋಯಿತು

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಅಲ್ಲಿಗೆ ಬಂಗಾಳಕ್ಕೆ ಬರುತ್ತಿದ್ದ ಬರ್ಮಾದ ಅಕ್ಕಿ ನಿಂತುಹೋಯಿತು. ಶತ್ರು ಬಂದರೆ ಕೈಗೆ ಏನೂ ಸಿಗಬಾರದೆಂದು ಸರಕಾರ ಬಂಗಾಳದ ಕರಾವಳಿ ಜಿಲ್ಲೆಗಳಿಂದ ಹೆಚ್ಚುವರಿ ಅಕ್ಕಿಯನ್ನು ಹೊರಸಾಗಿಸಿತು. ಹತ್ತು ಮಂದಿಗಿಂತ ಹೆಚ್ಚು ಜನರನ್ನು ಹೊರಬಲ್ಲ ಸಾವಿರಾರು ದೋಣಿಗಳನ್ನು ವಶಪಡಿಸಿಕೊಂಡಿತು, ಇಲ್ಲವೇ ನಾಶಮಾಡಿತು. ನದಿಗಳೇ ದಾರಿಯಾಗಿರುವ ನಾಡಿನಲ್ಲಿ ಮೀನುಗಾರನ ಕಸುಬೂ ಅಕ್ಕಿ ವ್ಯಾಪಾರಿಯ ಸಾಗಾಟವೂ ಒಟ್ಟಿಗೇ ಕೆಟ್ಟವು. ಅಕ್ಟೋಬರ್‌ನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಯುದ್ಧದ ಖರ್ಚಿಗೆ ಅಚ್ಚುಹಾಕಿದ ನೋಟುಗಳಿಂದ ಬೆಲೆ ಏರುತ್ತಲೇ ಇತ್ತು.

1942ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ಲಿನ್ಲಿತ್ಗೋ ಸರಕಾರ 6 ಲಕ್ಷ ಟನ್ ಗೋಧಿ ಕೇಳಿತು. ಮರುತಿಂಗಳೇ ಪ್ರಧಾನಿ ಚರ್ಚಿಲ್ ಹಿಂದೂ ಮಹಾಸಾಗರದ ಹಡಗುಗಳಲ್ಲಿ ಬಹುಪಾಲನ್ನು ಅಟ್ಲಾಂಟಿಕ್ ಕಡೆಗೆ ತಿರುಗಿಸಲು ಆಜ್ಞೆ ಮಾಡಿದರು. ಅದೇ ಜನವರಿಯಲ್ಲಿ ಲಿನ್ಲಿತ್ಗೋ ಭಾರತ ಸಚಿವ ಏಮರಿಗೆ ಬರೆದ ಪತ್ರವೊಂದು ಎದೆ ಝಲ್ಲೆನಿಸುವಂಥದು. ಬಂಗಾಳಕ್ಕೇ ಕೊರತೆಯಾದರೂ ಸರಿ, ಸಿಲೋನಿಗೆ ಇನ್ನಷ್ಟು ಅಕ್ಕಿ ಒದಗಿಸಲೇಬೇಕು ಎಂದು ಪ್ರಾಂತದ ಪ್ರಧಾನಿ ಫಜ್ಲುಲ್ ಹಕ್ ಅವರಿಗೆ ತಾಕೀತು ಮಾಡಿದ್ದಾಗಿ ವೈಸ್‌ರಾಯರೇ ಅದರಲ್ಲಿ ವರದಿ ಮಾಡಿದ್ದಾರೆ.

ಆಗಸ್ಟ್ 4ರ ತೀರ್ಮಾನ

ಜುಲೈ ಹೊತ್ತಿಗೆ ಕಲ್ಕತ್ತದ ಬೀದಿಗಳಲ್ಲಿ ಹಸಿದವರು ಬಿದ್ದು ಸಾಯತೊಡಗಿದ್ದರು. ಈ ಬಾರಿ ದೆಹಲಿ ಕೇಳಿದ್ದು 5 ಲಕ್ಷ ಟನ್. ಆ ಕಾಲದ ‘ಲಿಬರ್ಟಿ’ ಮಾದರಿಯ ಒಂದು ಸರಕು ಹಡಗು ಸುಮಾರು 10 ಸಾವಿರ ಟನ್ ಸರಕು ಹೊರುತ್ತಿತ್ತು. ಅಂದರೆ ಸುಮಾರು 50 ಹಡಗುಗಳ ಹೊರೆ. ಆಗಸ್ಟ್ 4ರಂದು ಲಂಡನ್ನಿನ ಯುದ್ಧ ಸಂಪುಟ ಒಪ್ಪಿದ್ದು ಇರಾಕಿನಿಂದ 1 ಲಕ್ಷ ಟನ್ ಬಾರ್ಲಿ, ಆಸ್ಟ್ರೇಲಿಯಾದಿಂದ ಹೆಚ್ಚೆಂದರೆ 50 ಸಾವಿರ ಟನ್ ಗೋಧಿ. ಆ ಗೋಧಿಯೂ ನೇರ ಭಾರತಕ್ಕೆ ಬರುವಂತಿರಲಿಲ್ಲ, ಕೊಲಂಬೊದಲ್ಲಿ ಮುಂದಿನ ಆದೇಶಕ್ಕೆ ಕಾಯಬೇಕಿತ್ತು.

ದೆಹಲಿಯವರು ತಮ್ಮ ಬೇಡಿಕೆಯನ್ನು ಸಮರ್ಥಿಸಿದ ರೀತಿಯನ್ನೂ ಗಮನಿಸಬೇಕು. ಜನ ಸಾಯುತ್ತಿದ್ದಾರೆ ಎಂಬುದಷ್ಟೇ ಸಾಲುತ್ತಿರಲಿಲ್ಲ. ಭಾರತ ಯುದ್ಧದ ನೆಲೆ, ಇಲ್ಲಿ ಹಸಿವಿನಿಂದ ಗಲಭೆಯೆದ್ದರೆ ಕಾರ್ಯಾಚರಣೆಗೇ ಧಕ್ಕೆ ಎಂದು ವಾದಿಸಬೇಕಿತ್ತು. ಮದ್ದುಗುಂಡಿನಷ್ಟೇ, ಅದಕ್ಕಿಂತಲೂ ಹೆಚ್ಚಾಗಿ, ಆಹಾರದ ಆಮದು ಮುಖ್ಯ ಎಂದು ದಂಡನಾಯಕ ಆಕಿನ್ಲೆಕ್ ಕೂಡ ಬರೆದರು. ಆದರೂ ಕೇಳಿದಷ್ಟು ಹಡಗು ಬರಲಿಲ್ಲ.

ಆಗಸ್ಟ್ 22ರಂದು ‘ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿ ಹೆಣಗಳ ಚಿತ್ರ ಪ್ರಕಟಿಸಿದ ಮೇಲೆಯೇ ಹೊರಜಗತ್ತಿಗೆ ಸುದ್ದಿ ಸರಿಯಾಗಿ ತಲುಪಿದ್ದು. ಕ್ಷಾಮ ಬಂದಾಗ ಸರಕಾರ ಪಾಲಿಸಬೇಕಾದ ನಿಯಮಾವಳಿಯಾದ ಕ್ಷಾಮ ಸಂಹಿತೆಯನ್ನು ಯಾಕೆ ಜಾರಿಗೊಳಿಸಲಿಲ್ಲ ಎಂಬುದಕ್ಕೂ ಉತ್ತರ ಇದೇ ಸಂಪುಟಗಳಲ್ಲಿದೆ. ಹಂಗಾಮಿ ಗವರ್ನರ್ ರುದರ್‌ಫೋರ್ಡ್ ಅಕ್ಟೋಬರ್‌ನಲ್ಲಿ ವೈಸ್‌ರಾಯರಿಗೆ ಬರೆದ ಪ್ರಕಾರ, ಸಂಹಿತೆ ಹೇಳುವಷ್ಟು ಪಡಿ ಕೊಡಲು ಸರಕಾರದ ಬಳಿ ಧಾನ್ಯವೇ ಇರಲಿಲ್ಲ. ಕ್ಷಾಮವೆಂದು ಘೋಷಿಸಿದರೆ ಉಣಿಸುವ ಹೊಣೆ ಬೀಳುತ್ತಿತ್ತು. ಹಾಗಾಗಿ ಘೋಷಿಸಲೇ ಇಲ್ಲ.

ಆ ಚಳಿಗಾಲದಲ್ಲಿ ಕೆನಡಾ 1 ಲಕ್ಷ ಟನ್ ಗೋಧಿ ಕೊಡಲು ಮುಂದೆ ಬಂತು. ಹೊರಲು ಹಡಗಿಲ್ಲ ಎಂಬ ಕಾರಣಕ್ಕೆ ಅದೂ ಕೂಡಿಬರಲಿಲ್ಲ. ಹೊಸ ವೈಸ್‌ರಾಯ್ ವೇವೆಲ್ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಕಲ್ಕತ್ತಕ್ಕೆ ಹೋಗಿ, ಸೇನೆಯನ್ನು ಪರಿಹಾರ ಕಾರ್ಯಕ್ಕೆ ಇಳಿಸಿದರು. 1944ರುದ್ದಕ್ಕೂ ಲಂಡನ್ನಿನ ಬೆನ್ನುಹತ್ತಿ ಧಾನ್ಯಕ್ಕಾಗಿ ಬಡಿದಾಡಿದರು. ಕೊನೆಗೆ 1944ರ ಏಪ್ರಿಲ್ 29ರಂದು ಚರ್ಚಿಲ್ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ರ ಬಳಿ ಹಡಗು ಕೇಳಿದರು. ಜೂನ್ ಮೊದಲಲ್ಲಿ ಬಂದ ಉತ್ತರ: ಸಾಧ್ಯವಿಲ್ಲ.

ಕೊರತೆ ನಿಜ, ಆಯ್ಕೆಯೂ ನಿಜ

ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದುದು ಸುಳ್ಳಲ್ಲ. ಬಂಗಾಳದೊಳಗಿನ ದಾಸ್ತಾನುಕೋರರು, ಪ್ರಾಂತಗಳು ಒಂದಕ್ಕೊಂದು ಹಾಕಿದ ಧಾನ್ಯ ನಿರ್ಬಂಧ, ಪ್ರಾಂತೀಯ ಆಡಳಿತದ ವೈಫಲ್ಯ, ಇವೂ ಕ್ಷಾಮಕ್ಕೆ ಕಾರಣ. ಆದರೆ ಇರುವ ಹಡಗುಗಳನ್ನು ಯಾವ ಕೆಲಸಕ್ಕೆ ಮೊದಲು, ಯಾವುದಕ್ಕೆ ಕೊನೆಗೆ ಕೊಡಬೇಕು ಎಂಬುದನ್ನು ಸಮುದ್ರ ನಿರ್ಧರಿಸಲಿಲ್ಲ, ಮಂತ್ರಿಗಳು ನಿರ್ಧರಿಸಿದರು. ಬ್ರಿಟನ್ನಿನ ಆಹಾರ ದಾಸ್ತಾನು ಮತ್ತು ಯುರೋಪಿನ ಮುಂದಿನ ಕಾರ್ಯಾಚರಣೆ ಅವರ ಪಟ್ಟಿಯ ಮೇಲಿದ್ದವು. ಬಂಗಾಳ ಕೆಳಗಿತ್ತು. ಆ ಮೇಜಿನ ಸುತ್ತ ಬಂಗಾಳದ ಜನ ಆರಿಸಿ ಕಳಿಸಿದ ಒಬ್ಬನೂ ಇರಲಿಲ್ಲ.

ಬಂಗಾಳದ ಕ್ಷಾಮವನ್ನು ಬರೀ ದೈವದ ಮುನಿಸು, ವ್ಯಾಪಾರಿಗಳ ದುರಾಸೆ ಎಂದು ಮುಗಿಸುವವರು ಈ ಪತ್ರಗಳನ್ನು ಒಮ್ಮೆ ಓದಬೇಕು. ನಮ್ಮ ಕಾಲೇಜುಗಳ ಇತಿಹಾಸ ತರಗತಿಗಳಲ್ಲಿ ಇವುಗಳಿಂದ ಆಯ್ದ ಹತ್ತು ಪುಟವನ್ನಾದರೂ ಕನ್ನಡಕ್ಕೆ ತಂದು ಓದಿಸಬೇಕು. ತಮ್ಮನ್ನು ಆಳುವವರನ್ನು ಪ್ರಶ್ನಿಸುವ ಹಕ್ಕಿಲ್ಲದ ಜನರ ಅನ್ನ ಎಷ್ಟು ಸುಲಭವಾಗಿ ಮುಂದಿನ ಸಭೆಗೆ ಮುಂದೂಡಲ್ಪಡುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.